ಬಿಚ್ಚದೆ ಉಳಿದ ಒಳಮಡಿಕೆ

ಜಗಳೂರು ಕಡೆಯ ರೈತ ಕುಟುಂಬವೊಂದರ 13 ವರ್ಷದ ಹುಡುಗನನ್ನು, ಅವನ ತಂದೆತಾಯಿಯೊಂದಿಗೆ, ಮಕ್ಕಳ ಜೀರ್ಣಾಂಗ ತಜ್ಞರು ದಾವಣಗೆರೆಯಲ್ಲಿ ನನ್ನ ಬಳಿಗೆ ಕಳುಹಿಸಿದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕರುಳಿನಲ್ಲಿ ದೀರ್ಘಕಾಲ ಉರಿಯೂತ, ಹುಣ್ಣು ಉಂಟುಮಾಡುವ ಕ್ರೋನ್ಸ್ ಕಾಯಿಲೆ ಎಂದು ಆಗಲೇ ನಿರ್ಣಯವಾಗಿತ್ತು. ಆದರೆ ವರದಿಯ ಕೊನೆಯಲ್ಲಿದ್ದ 'ಎ1ಬಿ, ಎಲ್3, ಬಿ1, ಜಿ1' ಎಂಬ ಸಾಲಿನಲ್ಲಿದ್ದ ಮೂರು ಎಂಬ ಅಂಕಿಯನ್ನು ತಂದೆಯವರು ಕ್ಯಾನ್ಸರಿನ ಮೂರನೇ ಹಂತವೆಂಬಂತೆ ಓದಿಕೊಂಡು ನಿದ್ದೆಗೆಟ್ಟಿದ್ದರು.

ಇದು 2011ರಲ್ಲಿ ಮಕ್ಕಳಿಗೆಂದೇ ರೂಪಿಸಿದ ಪ್ಯಾರಿಸ್ ವರ್ಗೀಕರಣ. ಎ1ಬಿ ಎಂದರೆ ಹತ್ತು ತುಂಬಿದ ಮೇಲೆ, ಹದಿನೇಳಕ್ಕೆ ಮೊದಲು ಪತ್ತೆಯಾದದ್ದು. ಎಲ್3 ಎಂದರೆ ಸಣ್ಣ ಕರುಳಿನ ತುದಿಯಲ್ಲೂ ದೊಡ್ಡ ಕರುಳಿನಲ್ಲೂ ಹುಣ್ಣುಗಳಿವೆ ಎಂದಷ್ಟೇ. ಅದು ಜಾಗದ ಹೆಸರು, ಹಂತವಲ್ಲ. ಕರುಳು ಕಿರಿದಾಗಿಲ್ಲ, ತೂತು ಬಿದ್ದಿಲ್ಲ ಎಂದು ಹೇಳುವ ಬಿ1 ಆ ಸಾಲಿನಲ್ಲಿದ್ದ ಸಮಾಧಾನದ ಸುದ್ದಿ.

ಜಿ1 ಎಂದರೆ ಬೆಳವಣಿಗೆ ಕುಂಠಿತವಾಗಿದೆ ಎಂದಾಗ ತಾಯಿ ಮಾತಾಡದೆ ಮಗನ ಯೂನಿಫಾರ್ಮ್ ಪ್ಯಾಂಟಿನ ಕೆಳಅಂಚನ್ನು ಹೊರಳಿಸಿ ತೋರಿಸಿದರು. ಬೆಳೆಯುವ ಹುಡುಗನೆಂದು ದರ್ಜಿಗೆ ಹೇಳಿ ಇಡಿಸಿದ್ದ ಎರಡು ಇಂಚಿನ ಒಳಮಡಿಕೆ, ಎರಡು ವರ್ಷವಾದರೂ ಹೊಲಿಗೆ ಬಿಚ್ಚದೆ ಹಾಗೆಯೇ ಇತ್ತು. ಹೊಟ್ಟೆನೋವಿಗೂ ಭೇದಿಗೂ ಮಂಡಕ್ಕಿ-ಮೆಣಸಿನಕಾಯಿಯನ್ನು ದೂರಿದ್ದ ಮನೆಯವರಿಗೆ, ಎತ್ತರ ನಿಂತುಹೋದದ್ದೂ ರೋಗಲಕ್ಷಣವೆಂದು ಯಾರೂ ಹೇಳಿರಲಿಲ್ಲ.

"ಇಲ್ಲದ ಟಿಬಿಗೆ ಆರು ತಿಂಗಳು ಮಾತ್ರೆ ನುಂಗಿಸಿದೆವಲ್ಲ ಸರ್" ಎಂದು ತಂದೆಯವರು ನೊಂದುಕೊಂಡರು. ಕರುಳಿನ ಕ್ಷಯವೂ ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ಜಾಗದಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ, ನಮ್ಮ ದೇಶದಲ್ಲಿ ಆ ಸಂಶಯ ಸಹಜವೆಂದು ವಿವರಿಸಿದೆ. ಆದರೆ ಎರಡು-ಮೂರು ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಕಳುಹಿಸಿ ದೊಡ್ಡ ಕರುಳು ನೋಡುವ ಪರೀಕ್ಷೆ) ಮಾಡಿ ಹುಣ್ಣು ಮಾಯುತ್ತಿದೆಯೇ ಎಂದು ನೋಡದೆ ಮುಂದುವರಿಸಿದ್ದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ, ಅದನ್ನೂ ಮುಚ್ಚಿಡಲಿಲ್ಲ. ಈ ಸಲ ಮೇಲಿನಿಂದಲೂ ಕೆಳಗಿನಿಂದಲೂ ಎಂಡೋಸ್ಕೋಪಿ ಮಾಡಿ, ಹುಣ್ಣಿಲ್ಲದ ಭಾಗಗಳಿಂದಲೂ ಪರೀಕ್ಷೆಗೆ ಚೂರು ತೆಗೆದು, ಕ್ಯಾಮೆರಾ ತಲುಪದ ಸಣ್ಣ ಕರುಳನ್ನು ಎಂಆರ್‌ಐನಲ್ಲಿ ನೋಡಿದ್ದರು.

ವೈದ್ಯರು ಮೊದಲ ಚಿಕಿತ್ಸೆಯಾಗಿ ಎಂಟು ವಾರ ಪೂರ್ತಿ ದ್ರವ ಪೋಷಕಾಹಾರವನ್ನೇ ಸೂಚಿಸಿದ್ದರು. ಅಜ್ಜಿ ಕದ್ದು ರೊಟ್ಟಿ ಕೊಟ್ಟಾರೆಂಬ ಭಯ ತಾಯಿಗೆ. ಅಜ್ಜಿಯನ್ನೂ ಮುಂದಿನ ಭೇಟಿಗೆ ಕರೆತರಲು, ಊಟದ ಹೊತ್ತಿಗೆ ಹುಡುಗನನ್ನು ಒಳಕೋಣೆಗೆ ಕಳುಹಿಸದೆ ಅವನಿಷ್ಟದಂತೆ ಕೂರಲು ಬಿಡಲು ಸಲಹೆ ನೀಡಿದೆ. ತರಗತಿಯ ನಡುವೆ ಶೌಚಕ್ಕೆ ಏಳಬೇಕಾದೀತೆಂದು ಅವನು ಬೆಳಗಿನ ತಿಂಡಿಯನ್ನೇ ಬಿಟ್ಟಿದ್ದನೆಂಬುದು ಒಬ್ಬನೇ ಇದ್ದಾಗ ಹೊರಬಂತು. ಕೇಳದೆಯೇ ಹೊರಹೋಗಲು ಅನುಮತಿ ಕೋರಿ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದುಕೊಟ್ಟೆ.

ಎತ್ತರ ಮತ್ತು ತೂಕವನ್ನು ಪ್ರತಿ ಭೇಟಿಯಲ್ಲೂ ಅಳೆಸಿ ನೋಟ್‌ಬುಕ್ಕಿನಲ್ಲಿ ಬರೆದಿಡುವಂತೆ ಹೇಳಿದೆ. ಪತ್ತೆಯಾದ ವಯಸ್ಸನ್ನು ಹೇಳುವ ಎ1ಬಿ ಬಿಟ್ಟರೆ ವರದಿಯ ಆ ಅಕ್ಷರಗಳು ಇಂದಿನ ಸ್ಥಿತಿಯವು, ವರ್ಷಗಳು ಕಳೆದಂತೆ ಬದಲಾಗಬಹುದಾದವು ಎಂದು ತಿಳಿಸಿ, ಆ ಸಾಲಿನ ಪಕ್ಕದಲ್ಲಿ ತಂದೆಯವರ ಕೈಯಿಂದಲೇ ಅಂದಿನ ತಾರೀಖು ಬರೆಸಿದೆ.