ಮಡಿಲಲ್ಲಿ ಗುಲಾಬಿ ಹಿಡಿದ ರಾಣಿ: ಯಾವ ಎಲಿಜಬೆತ್?

ನಿಮ್ಮ ಫೋಟೋದಲ್ಲಿರುವ ವಿಗ್ರಹ ಹಂಗೇರಿಯ ಎಲಿಜಬೆತ್‌ಳದೋ ಪೋರ್ಚುಗಲ್‌ನ ಇಸಬೆಲ್‌ಳದೋ ಎಂದು ಕೇಳಿದ್ದೀರಿ. ಇಬ್ಬರೂ ಕ್ಯಾಥೊಲಿಕ್ ಸಂತರು. ಗುಲಾಬಿ ನೋಡಿ ತೀರ್ಮಾನಿಸಬೇಡಿ. ಬಡವರಿಗೆ ಬಚ್ಚಿಟ್ಟು ಒಯ್ಯುತ್ತಿದ್ದ ದಾನ ಮಡಿಲಲ್ಲೇ ಗುಲಾಬಿಯಾದ ಕತೆ ಇಬ್ಬರಿಗೂ ಅಂಟಿಕೊಂಡಿದೆ. ಇಸಬೆಲ್ ಹಂಗೇರಿಯವಳ ಮಲತಂಗಿಯ ಮೊಮ್ಮಗಳು, ಹೆಸರೂ ಅವಳದೇ (ಇಸಬೆಲ್ ಎಂದರೆ ಎಲಿಜಬೆತ್‌ನದೇ ಇನ್ನೊಂದು ರೂಪ). ಹೆಸರಿನ ಹಿಂದೆಯೇ ಕತೆಯೂ ಬಂದಿರಬೇಕು ಎನ್ನುವುದು ನನ್ನ ಅಂದಾಜು.

ಮೊದಲು ಉಡುಪು ನೋಡಿ. ಇಸಬೆಲ್ (1271–1336) ಪೋರ್ಚುಗಲ್‌ನ ರಾಜ ದಿನಿಸ್‌ನ ಹೆಂಡತಿ. 1325ರಲ್ಲಿ ಗಂಡ ತೀರಿಕೊಂಡ ಮೇಲೆ ಸಂತ ಫ್ರಾನ್ಸಿಸ್‌ನ ಪಂಥಕ್ಕೆ (ಫ್ರಾನ್ಸಿಸ್ಕನ್) ಸೇರಿದ ಕ್ಲಾರಾ ಸಭೆಯ ಸನ್ಯಾಸಿನಿಯರ ಉಡುಪು ತೊಟ್ಟಳು, ಸ್ಪೇನ್‌ನ ಯಾತ್ರಾಸ್ಥಳ ಸಾಂತಿಯಾಗೊಗೆ ಯಾತ್ರೆ ಹೋದಳು. ಹಾಗಾಗಿ ಮುಸುಕಿನ ಮೇಲೆ ಕಿರೀಟ, ಸೊಂಟಕ್ಕೆ ಹಗ್ಗ, ಜೊತೆಗೆ ಯಾತ್ರಿಕರ ಕೋಲು, ಚೀಲ ಇದ್ದರೆ ಅವಳೇ. ಪೋರ್ಚುಗಲ್‌ನ ಕೊಯಿಂಬ್ರಾದಲ್ಲಿರುವ ಅವಳ ಕಲ್ಲಿನ ಸಮಾಧಿಯ ಮೇಲೂ ಕೋಲು, ಚೀಲ ಕೆತ್ತಿದ್ದಾರೆ.

ಹಂಗೇರಿಯವಳು (1207–1231) ಅಸಲಿಗೆ ರಾಣಿಯೇ ಅಲ್ಲ. ರಾಜನ ಮಗಳು, ಜರ್ಮನಿಯ ತುರಿಂಗಿಯಾದ ದೊರೆಯ ಹೆಂಡತಿ. ಎಳೆಯ ಮುಖ, ಕಾಲ ಬಳಿ ಭಿಕ್ಷುಕ, ರೊಟ್ಟಿ ಬುಟ್ಟಿ, ಕೆಲವೊಮ್ಮೆ ಮೂರು ಕಿರೀಟ. ಆದರೆ ಅವಳನ್ನೂ ಫ್ರಾನ್ಸಿಸ್ಕನ್ ಉಡುಪಿನಲ್ಲಿ ತೋರಿಸುವುದುಂಟು, ಎಡವುವುದು ಅಲ್ಲೇ.

ಆಗ ವಿಗ್ರಹದ ಕಾಲ ನೋಡಿ. ಹಂಗೇರಿಯವಳಿಗೆ ಸಂತ ಪದವಿ ಸಿಕ್ಕಿದ್ದು 1235ರಲ್ಲಿ, ಇಸಬೆಲ್‌ಗೆ 1625ರಲ್ಲಿ. 15ನೇ ಶತಮಾನದ ಜರ್ಮನ್ ಕೆಲಸವಾದರೆ ಬಹುಪಾಲು ಹಂಗೇರಿಯವಳೇ. ಪೀಠದಲ್ಲಿ ಹಬ್ಬದ ತಾರೀಖಿದ್ದರೆ ಇನ್ನೂ ಸಲೀಸು: ನವೆಂಬರ್ 17 ಅಥವಾ 19 ಹಂಗೇರಿ, ಜುಲೈ 4 ಅಥವಾ 8 ಪೋರ್ಚುಗಲ್. ಕೈಗಳು ಆಮೇಲೆ ಜೋಡಿಸಿದವೇ ಎಂದೂ ಪರೀಕ್ಷಿಸಿ. ಮುರಿದ ಕೈ ರಿಪೇರಿಯಲ್ಲಿ ಕೋಲು ಮಾಯವಾಗಿರಬಹುದು. ಬೆನ್ನಿನ ಕಡೆಯ ಫೋಟೋ ಇದ್ದರೆ ಹಾಕಿ.