ಹೂಜಿ ಗಿಡಕ್ಕೆ ಗೊಬ್ಬರ ಯಾಕೆ ಆಗಲ್ಲ?

ಪ್ರಶ್ನೆ: ನನ್ನ ಹತ್ತಿರ ನೆಪೆಂಥಿಸ್ ಇದೆ, ಎಲೆ ತುದಿಯ ಹೂಜಿಯಲ್ಲಿ ಹುಳ ಹಿಡಿಯುವ ಗಿಡ. ಎಲೆ ದಂಡಿಯಾಗಿ ಬರುತ್ತಿದೆ, ಹೂಜಿ ಮಾತ್ರ ಒಂದೂ ಇಲ್ಲ. ಗೊಬ್ಬರವನ್ನೂ ಸರಿಯಾಗಿ ಹಾಕುತ್ತಿದ್ದೇನೆ.

ಉತ್ತರ: ಆ ಗೊಬ್ಬರವೇ ಕಾರಣ ಇರಬಹುದು. ಈ ಗಿಡ ಹುಳ ಹಿಡಿಯುವುದು ಹೊಟ್ಟೆ ತುಂಬಿಸಿಕೊಳ್ಳಲು ಅಲ್ಲ, ಆಹಾರವನ್ನು ಎಲ್ಲ ಹಸಿರು ಗಿಡಗಳ ಹಾಗೆ ಬಿಸಿಲಿನಲ್ಲೇ ತಯಾರಿಸಿಕೊಳ್ಳುತ್ತದೆ. ಅದರ ಮೂಲ ನೆಲೆಯ ಮಣ್ಣಿನಲ್ಲಿ ಸಾರಜನಕ, ರಂಜಕ ತೀರಾ ಕಡಿಮೆ, ಹುಳದಿಂದ ಸಿಗುವುದು ಅದು. ಬೇರಿಗೇ ಸಾರಜನಕ ಸಿಕ್ಕಿಬಿಟ್ಟರೆ ಹೂಜಿ ಕಟ್ಟುವ ಉಸಾಬರಿ ಯಾಕೆ ಅಲ್ವಾ? ಗೊಬ್ಬರ ನಿಲ್ಲಿಸಿ. ಬೆಳಕು ಜಾಸ್ತಿ ಬೀಳಲಿ, ಗಾಳಿಯಲ್ಲಿ ತೇವ ಇರಲಿ, ಸಾಧ್ಯವಾದರೆ ಮಳೆನೀರು ಹಾಕಿ. ಮಾಂಸದ ಚೂರು ಬೇಡವೇ ಬೇಡ, ಹೂಜಿಯೇ ಕೊಳೆಯುತ್ತದೆ.

ಪ್ರಶ್ನೆ: ಹುಳ ಬಿದ್ದ ಕೂಡಲೇ ಮುಚ್ಚಳ ಮುಚ್ಚಿಕೊಳ್ಳುತ್ತದೆಯೇ?

ಉತ್ತರ: ಇಲ್ಲ. ಸಿನಿಮಾದವರು ಹಬ್ಬಿಸಿದ್ದು ಇರಬೇಕು. ಮುಚ್ಚಳ ಇರುವುದು ಮಳೆನೀರು ತುಂಬದಿರಲಿ ಅಂತ. ಕೆಲಸವೆಲ್ಲ ಬಾಯಿಯ ಅಂಚಿನದು. ಅದು ಒದ್ದೆಯಾದಾಗ ಮೇಲೆ ನೀರಿನ ತೆಳು ಪದರ ನಿಲ್ಲುತ್ತದೆ, ಜೇನಿನ ಆಸೆಗೆ ಬಂದ ಇರುವೆ ಮಳೆ ರಸ್ತೆಯಲ್ಲಿ ಟೈರ್ ಜಾರಿದ ಹಾಗೆ ಜಾರಿ ಒಳಗೆ ಬೀಳುತ್ತದೆ, ಹತ್ತಿ ಬರೋಣ ಅಂದರೆ ಎಷ್ಟೋ ಜಾತಿಗಳಲ್ಲಿ ಒಳಗೋಡೆಗೆ ಮೇಣ. ಎಲ್ಲವೂ ಹುಳವನ್ನೇ ನಂಬಿಲ್ಲ ಅನ್ನಿ. ಬೋರ್ನಿಯೋದ ನೆಪೆಂಥಿಸ್ ಲೋವಿ, ಅಳಿಲಿನಂಥ ಟ್ರೀ ಶ್ರೂ ಪ್ರಾಣಿಗೆ ಮುಚ್ಚಳದಲ್ಲಿ ಸಿಹಿ ಕೊಟ್ಟು ಅದರ ಹಿಕ್ಕೆಯನ್ನು ಹೂಜಿಗೆ ಬೀಳಿಸಿಕೊಳ್ಳುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ವ್ಯವಹಾರ ಇದೇ!

ಪ್ರಶ್ನೆ: ಭಾರತದಲ್ಲಿ ಕಾಡಿನಲ್ಲಿ ಬೆಳೆಯುವುದು ಇದೆಯೇ? ಅದನ್ನು ತಂದು ಬೆಳೆಸಬಹುದೇ?

ಉತ್ತರ: ಇದೆ, ನೆಪೆಂಥಿಸ್ ಖಾಸಿಯಾನಾ, ಮೇಘಾಲಯದ ಗುಡ್ಡಗಳಲ್ಲಿ. ಕಾಡಿನಿಂದ ತರಲೇಬೇಡಿ. ಅದು ಅಳಿವಿನಂಚಿನಲ್ಲಿದೆ, ಗಣಿಗಾರಿಕೆ ಮತ್ತು ಕಳ್ಳ ಸಾಗಣೆ ಎರಡೂ ಕಾಡಿವೆ. ಕಾಡಿನ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲೂ ಇದೆ. ಇನ್ನೊಂದು ವಿಷಯ ಜನಕ್ಕೆ ಗೊತ್ತಿರುವುದಿಲ್ಲ: ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಒಂದು ಗುಡ್ಡದಿಂದ ನಾಲ್ಕು ಗಿಡ ಕಿತ್ತರೆ, ಹೋದವು ಗಂಡೇ ಆಗಿದ್ದರೆ, ಉಳಿದ ಹೆಣ್ಣು ಗಿಡಗಳಲ್ಲಿ ಬೀಜವೇ ಕಟ್ಟದಿರಬಹುದು. ಇಂಥ ಗಿಡ ಉಳಿಸಲು ಸುಮ್ನೆ ಬೇಲಿ ಹಾಕಿದರೂ ಸಾಲದು. ಅಮೆರಿಕದ ಸರಸೇನಿಯಾ ಎಂಬ ಹೂಜಿ ಗಿಡಗಳ ಕಥೆ ನೋಡಿ: ಆಗಾಗ ಬೀಳುತ್ತಿದ್ದ ಬೆಂಕಿಯನ್ನು ತಡೆದದ್ದರಿಂದ ಪೊದೆ ಬೆಳೆದು ನೆರಳಾಯಿತು, ಬಿಸಿಲು ಬೇಕಾದ ಇವು ಸೊರಗಿದವು. ಈಗ ಅಲ್ಲಿ ಬೇಕೆಂದೇ ಹದವಾಗಿ ಬೆಂಕಿ ಹಾಕುತ್ತಾರೆ. ಬೆಳೆಸುವ ಆಸೆ ಇದ್ದರೆ ಬೀಜದಿಂದಲೋ ಕಡ್ಡಿಯಿಂದಲೋ ನರ್ಸರಿಯಲ್ಲೇ ಮಾಡಿದ ಮಿಶ್ರತಳಿ ಕೇಳಿ ತನ್ನಿ.

ಪ್ರಶ್ನೆ: ಹೂಜಿಯೊಳಗೆ ಬೆರಳಿಟ್ಟರೆ ಸುಡುತ್ತದೆಯೇ?

ಉತ್ತರ: ಏನೂ ಆಗಲ್ಲ. ಅದರಲ್ಲಿ ಕೆಲವು ಸೊಳ್ಳೆಗಳ ಮರಿಗಳೇ ಆರಾಮಾಗಿ ಬೆಳೆಯುತ್ತವೆ.