ಥೈರಾಯ್ಡ್ ಮಾತ್ರೆ ತಪ್ಪದೆ ತೆಗೆದುಕೊಂಡರೂ ವಯಸ್ಸಾದ ಅಮ್ಮನ ಸುಸ್ತು ಏಕೆ ಹೋಗುತ್ತಿಲ್ಲ?

ಸಾಮಾನ್ಯವಾಗಿ ಕಾರಣ ಎರಡರಲ್ಲೊಂದು: ನುಂಗಿದ ಮಾತ್ರೆ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತಿಲ್ಲ, ಇಲ್ಲವೇ ಸುಸ್ತಿನ ಮೂಲ ಥೈರಾಯ್ಡ್ ಅಲ್ಲ.

ಥೈರಾಯ್ಡ್ ಮಾತ್ರೆಯಲ್ಲಿರುವ ಹಾರ್ಮೋನ್ ಲಿವೋಥೈರಾಕ್ಸಿನ್ ಅನ್ನು ಸಣ್ಣ ಕರುಳು ಚೆನ್ನಾಗಿ ಹೀರಿಕೊಳ್ಳುವುದು ಹೊಟ್ಟೆ ಖಾಲಿಯಿದ್ದಾಗ. ಮಾತ್ರೆಯ ಹಿಂದೆಯೇ ಫಿಲ್ಟರ್ ಕಾಫಿ ಕುಡಿದರೆ ಹೀರಿಕೆ ತಗ್ಗುತ್ತದೆ. ಮೂಳೆಗೆಂದು ಕೊಟ್ಟ ಕ್ಯಾಲ್ಸಿಯಂ ಅಥವಾ ರಕ್ತಹೀನತೆಗೆ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಜೊತೆಗೇ ನುಂಗಿದರೆ ಔಷಧದ ಒಂದು ಪಾಲು ಅದಕ್ಕೆ ಅಂಟಿಕೊಂಡು ಮಲದಲ್ಲಿ ಹೊರಹೋಗುತ್ತದೆ. ಆದ್ದರಿಂದ ಬರೀ ನೀರಿನಲ್ಲಿ ನುಂಗಿ, ಕಾಫಿ-ತಿಂಡಿಗೆ 30ರಿಂದ 60 ನಿಮಿಷ, ಕ್ಯಾಲ್ಸಿಯಂ-ಕಬ್ಬಿಣಕ್ಕೆ 4 ಗಂಟೆ ಅಂತರವಿಡಬೇಕು. ಈ ಔಷಧ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಹಿಡಿಯುವುದರಿಂದ, ಬದಲಾವಣೆಯ ಫಲವನ್ನು ಟಿಎಸ್‌ಎಚ್ ಪರೀಕ್ಷೆಯಲ್ಲಿ, ಅಂದರೆ ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಿನ ಅಳತೆಯಲ್ಲಿ, ಕಾಣಲು 6ರಿಂದ 8 ವಾರ ಬೇಕು.

ಟಿಎಸ್‌ಎಚ್ ಸರಿಯಿದ್ದೂ ಸುಸ್ತು ಉಳಿದರೆ ಹಿಮೋಗ್ಲೋಬಿನ್, ಬಿ12, ಸಕ್ಕರೆ, ಮೂತ್ರಪಿಂಡ, ನಿದ್ರೆ, ಖಿನ್ನತೆ, ಇತರ ಮಾತ್ರೆಗಳು, ಇವನ್ನೆಲ್ಲ ವೈದ್ಯರು ನೋಡಬೇಕು. ಸಸ್ಯಾಹಾರಿಗಳಲ್ಲಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ನಾನು ಮೊದಲು ಅನುಮಾನಿಸುವುದು ಬಿ12 ಕೊರತೆಯನ್ನು. ನೀವಾಗಿಯೇ ಡೋಸ್ ಏರಿಸುವುದು ಮಾತ್ರ ಬೇಡ: ಇಳಿವಯಸ್ಸಿನಲ್ಲಿ ಥೈರಾಯ್ಡ್ ಹಾರ್ಮೋನ್ ಹೆಚ್ಚಾದರೆ ಹೃದಯದ ಬಡಿತ ಏರುಪೇರಾಗಬಹುದು, ಮೂಳೆ ಸವೆಯಬಹುದು. 70 ದಾಟಿದವರಲ್ಲಿ ಟಿಎಸ್‌ಎಚ್ ಕೊಂಚ ಮೇಲಿದ್ದರೂ, ಅಂದರೆ ಥೈರಾಯ್ಡ್ ಹಾರ್ಮೋನ್ ಸ್ವಲ್ಪ ಸಾಲದಂತೆ ಕಂಡರೂ, ವೈದ್ಯರು ಹಲವು ಬಾರಿ ಬೇಕೆಂದೇ ಹಾಗೇ ಬಿಡುವುದು ಇದರಿಂದಲೇ.